ಬರ್ಲಿನ್ ನಗರದಲ್ಲಿ ಇಂಗ್ಲಿಷ್ ಬಲ್ಲವನ ಉದ್ಯೋಗಾನ್ವೇಷಣೆ



ದತ್ತಿ ಉಪನ್ಯಾಸವೆಂದೊಡನೆ ಕಾವ್ಯವನ್ನೋ ಶಾಸನವನ್ನೋ ದರ್ಶನವನ್ನೋ ಕುರಿತ ಮಾತನ್ನು ನಿರೀಕ್ಷಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ನಾನು ಆರಿಸಿಕೊಂಡಿರುವ ವಿಷಯ ಅಷ್ಟು ಉದಾತ್ತವಾದುದಲ್ಲ. ಅದು ಹೊಟ್ಟೆಪಾಡಿಗೆ ಸಂಬಂಧಪಟ್ಟದ್ದು. ಆದರೂ ಈ ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತರುಣ ತರುಣಿಯರಲ್ಲಿ ಅನೇಕರು ಇನ್ನೆರಡು ಮೂರು ವರ್ಷಗಳಲ್ಲಿ ಹೊರದೇಶಕ್ಕೆ ಹೊರಡುವವರೆಂಬುದನ್ನೂ, ಅವರನ್ನು ಕಳುಹಿಸಲು ತಂದೆತಾಯಿಗಳು ಜಮೀನನ್ನೋ ಒಡವೆಯನ್ನೋ ಒತ್ತೆಯಿಟ್ಟು ಸಾಲ ಮಾಡುವವರೆಂಬುದನ್ನೂ ಬಲ್ಲವನಾದುದರಿಂದ, ಈ ವಿಷಯಕ್ಕೆ ಒಂದು ಗಂಟೆಯ ವಿಚಾರವನ್ನು ಮೀಸಲಿಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಮೊದಲು ವಿಷಯದ ಎಲ್ಲೆಯನ್ನು ಹೇಳಿಬಿಡುತ್ತೇನೆ. ಲಂಡನ್ನು, ನ್ಯೂಯಾರ್ಕು, ಸಿಡ್ನಿಗಳಲ್ಲಿ ಇಂಗ್ಲಿಷೇ ಊರಿನ ಭಾಷೆ. ಅವುಗಳ ಮಾತು ಇಂದು ಬೇಡ. ಊರಿನ ಭಾಷೆ ಬೇರೆ, ಆದರೆ ಇಂಗ್ಲಿಷ್ ಬಲ್ಲವನಿಗೂ ಅಲ್ಲಿ ಉದ್ಯೋಗ ದೊರೆಯುತ್ತದೆ, ಇಂಥ ನಗರವೊಂದನ್ನು ತೆಗೆದುಕೊಂಡು ಅಲ್ಲಿ ಇಂಗ್ಲಿಷಿನ ಬಲವೆಷ್ಟು, ಅದರ ಸೀಮೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನೋಡುವುದು ನನ್ನ ಉದ್ದೇಶ. ನಾನು ಕೆಲವು ಕಾಲ ದುಡಿದು ಬಲ್ಲ ಬರ್ಲಿನ್ ನಗರವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಆ ನಗರದ ಬಾಗಿಲು ಇಂಗ್ಲಿಷಿಗೆ ತೆರೆದದ್ದು ಹೇಗೆ, ಬಾಗಿಲೊಳಗೆ ದೊರೆಯುವ ಕೆಲಸ ಎಂಥದು, ಕೆಲಸದ ಹೊರಗೆ ಬಾಳುವ ಬಗೆ ಏನು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಎತ್ತಿಕೊಂಡು, ಕೊನೆಯಲ್ಲಿ ನಾವು ಇಲ್ಲಿ ಮಾಡತಕ್ಕದ್ದೇನೆಂಬುದನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಮೊದಲನೆಯ ಪ್ರಶ್ನೆ. ಜರ್ಮನಿಯ ರಾಜಧಾನಿಯಲ್ಲಿ ಇಂಗ್ಲಿಷಿಗೆ ಇಷ್ಟೊಂದು ಸ್ಥಳ ದೊರೆತದ್ದು ಆಕಸ್ಮಿಕವಲ್ಲ. ಅದಕ್ಕೆ ಆ ಊರಿನ ದುರದೃಷ್ಟವೇ ಒಂದು ಕಾರಣವೆಂದರೆ ನಿಮಗೆ ಆಶ್ಚರ್ಯವಾದೀತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬರ್ಲಿನ್ ಜರ್ಮನಿಯ ಬಲುದೊಡ್ಡ ಕೈಗಾರಿಕಾ ನಗರವಾಗಿತ್ತು. ಸೀಮೆನ್ಸ್ ಸಂಸ್ಥೆ ಹುಟ್ಟಿ ಬೆಳೆದದ್ದು ಅಲ್ಲಿಯೇ. ಯುದ್ಧಾನಂತರ ನಗರವು ನಾಲ್ಕು ವಿಜೇತ ರಾಷ್ಟ್ರಗಳ ವಶದಲ್ಲಿ ನಾಲ್ಕು ಭಾಗವಾಗಿ, 1961ರಲ್ಲಿ ನಡುವೆ ಗೋಡೆಯೆದ್ದು, ಪಶ್ಚಿಮ ಬರ್ಲಿನ್ ಎಂಬುದು ಸುತ್ತಲೂ ಪೂರ್ವ ಜರ್ಮನಿಯಿಂದ ಆವೃತವಾದ ನಡುಗಡ್ಡೆಯಂತಾಗುವಷ್ಟರಲ್ಲಿಯೇ ಸೀಮೆನ್ಸಿನಂಥ ಸಂಸ್ಥೆಗಳ ಮುಖ್ಯ ಕಚೇರಿಗಳು ಮ್ಯೂನಿಕ್ ಮುಂತಾದ ಕಡೆಗೆ ತೆರಳಿಹೋಗಿದ್ದುವು. 1989ರಲ್ಲಿ ಗೋಡೆ ಬಿದ್ದಾಗ ನಗರದಲ್ಲಿ ಉಳಿದಿದ್ದುದು ಪಾಳುಬಿದ್ದ ಕಾರ್ಖಾನೆಗಳು, ಖಾಲಿ ಮನೆಗಳು, ಅತಿ ಕಡಮೆಯ ಬಾಡಿಗೆ. ಆ ಬಾಡಿಗೆಯನ್ನು ನಂಬಿ ಮೊದಲು ಚಿತ್ರಕಾರರೂ ಸಂಗೀತಗಾರರೂ ಬಂದರು. ಅವರ ಹಿಂದೆಯೇ ಅಲ್ಪ ಬಂಡವಾಳದ ಸಾಫ್ಟ್‌ವೇರ್ ಉದ್ಯಮಿಗಳು ಬಂದರು. 2008ರಲ್ಲಿ ಆರಂಭವಾದ ಜಲಾಂಡೊ, 2011ರ ಡೆಲಿವರಿ ಹೀರೋ ಮತ್ತು ಹಲೋಫ್ರೆಶ್, 2013ರ ಎನ್26 ಮೊದಲಾದ ಕಂಪನಿಗಳು ಈ ಪರಂಪರೆಯವು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಸ್ಟುಟ್‌ಗಾರ್ಟ್ ನಗರದಲ್ಲಿ ಬಾಷ್ ಸಂಸ್ಥೆಯಿದೆ. ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಕ ಬೆಂಗಳೂರಿಗೆ ಅದು ಏಳು ದಶಕಗಳಿಂದ ಪರಿಚಿತ. ಸ್ಟುಟ್‌ಗಾರ್ಟಿನಂಥ ಊರುಗಳಲ್ಲಿ ತಂದೆ ದುಡಿದ ಕಾರ್ಖಾನೆಗೆ ಮಗನೂ ಸೇರುವ, ಫೋರ್‌ಮನ್ನಿನಿಂದ ಹಿಡಿದು ನಿರ್ದೇಶಕನವರೆಗೆ ಎಲ್ಲರೂ ಜರ್ಮನ್ನಿನಲ್ಲಿಯೇ ವ್ಯವಹರಿಸುವ ಹಳೆಯ ಸಂಪ್ರದಾಯ ಮುರಿಯದೆ ಉಳಿಯಿತು. ಬರ್ಲಿನ್ನಿನಲ್ಲಿ ಅಂಥ ಸಂಪ್ರದಾಯ ಕಡಿದುಹೋಗಿದ್ದುದರಿಂದ ಹೊಸ ಕಂಪನಿಗಳು ಪೋಲೆಂಡು, ಬ್ರೆಜಿಲ್, ಭಾರತ, ಸ್ಪೇನ್ ಎನ್ನದೆ ಸಿಕ್ಕ ಕಡೆಯಿಂದ ಜನರನ್ನು ತಂದುವು. ಹತ್ತು ದೇಶದವರು ಒಂದು ಮೇಜಿನ ಸುತ್ತ ಕುಳಿತಮೇಲೆ ಇಂಗ್ಲಿಷೊಂದೇ ದಾರಿಯಾಯಿತು. ಜರ್ಮನಿಯೆಲ್ಲ ಬರ್ಲಿನ್ನಿನ ಹಾಗೆಯೇ ಇರುವುದೆಂದು ಎಣಿಸುವುದು ದೊಡ್ಡ ಪ್ರಮಾದ. ಬರ್ಲಿನ್ನಾದರೂ ಎಲ್ಲೆಡೆ ಒಂದೇ ಬಗೆಯಲ್ಲ. ಪೂರ್ವ ಜರ್ಮನಿಯ ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸುತ್ತಿದ್ದ ಪರಭಾಷೆ ರಷ್ಯನ್. ಆದುದರಿಂದ ನಗರದ ಪೂರ್ವಭಾಗದ ಅಂಚೆಯ ಕೌಂಟರಿನಲ್ಲಿ ಕುಳಿತ ವಯಸ್ಸಾದ ಹೆಂಗಸು ನಿಮ್ಮ ಇಂಗ್ಲಿಷಿಗೆ ಉತ್ತರ ಕೊಡದಿದ್ದರೆ ಅದನ್ನು ಅಸಡ್ಡೆಯೆಂದು ತಿಳಿಯಬಾರದು.

ಊರಿನ ಚರಿತ್ರೆಯ ಜೊತೆಗೆ ಸರಕಾರದ ನೀತಿಯೂ ಸೇರಿತು. 2000ದ ಫೆಬ್ರುವರಿಯಲ್ಲಿ ಹಾನೋವರಿನ ಕಂಪ್ಯೂಟರ್ ಮೇಳದಲ್ಲಿ ಅಂದಿನ ಚಾನ್ಸೆಲರ್ ಗೆರ್ಹಾರ್ಡ್ ಶ್ರೋಡರ್ ಅವರು ಹೊರದೇಶದ ಕಂಪ್ಯೂಟರ್ ತಜ್ಞರಿಗಾಗಿ ಗ್ರೀನ್ ಕಾರ್ಡ್ ಯೋಜನೆಯನ್ನು ಘೋಷಿಸಿದರು; ಅದೇ ವರ್ಷದ ಆಗಸ್ಟಿನಲ್ಲಿ ಅದು ಜಾರಿಗೆ ಬಂತು; 20,000 ಜನರಿಗೆ ಅವಕಾಶವೆಂದು ಗೊತ್ತಾಯಿತು. ಅದನ್ನು ವಿರೋಧಿಸಿ, ಒಂದು ರಾಜ್ಯದ ಚುನಾವಣೆಯಲ್ಲಿ ಯೂರ್ಗೆನ್ ರುಟ್‌ಗರ್ಸ್ ಎಂಬ ನಾಯಕರು ಭಾರತೀಯರನ್ನು ತರಿಸುವುದಕ್ಕಿಂತ ನಮ್ಮ ಮಕ್ಕಳನ್ನು ಓದಿಸೋಣವೆಂಬ ಅರ್ಥದ ಘೋಷಣೆಯೊಂದಿಗೆ ಪ್ರಚಾರಕ್ಕಿಳಿದು, ಆ ಚುನಾವಣೆಯಲ್ಲಿ ಸೋತರು. 2012ರಲ್ಲಿ, ಹೊರದೇಶದ ಪದವೀಧರರಿಗೆ ವಾಸ ಮತ್ತು ಕೆಲಸದ ಪರವಾನಗಿಯಾದ ಬ್ಲೂ ಕಾರ್ಡ್ ಬಂತು. 2024ರ ಅಕ್ಟೋಬರಿನಲ್ಲಿ ಅಂದಿನ ಚಾನ್ಸೆಲರ್ ಓಲಾಫ್ ಶೋಲ್ಸ್ ಅವರು ದೆಹಲಿಗೆ ಬಂದಾಗ, ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳ ಮಿತಿಯನ್ನು 20,000ದಿಂದ 90,000ಕ್ಕೆ ಏರಿಸುವ ಮಾತು ಹೊರಬಿತ್ತು. ಇಪ್ಪತ್ತೈದು ವರ್ಷಗಳೊಳಗೆ ಒಂದು ದೇಶದ ಮನಸ್ಸು ಇಷ್ಟು ತಿರುಗಿತೆಂದರೆ ಅಲ್ಲಿನ ಜನಕ್ಕೆ ವಯಸ್ಸಾಗುತ್ತಿದೆ, ದುಡಿಯುವ ಕೈಗಳು ಕಡಮೆಯಾಗುತ್ತಿವೆ ಎಂಬುದೇ ಅದರ ಒಳಗುಟ್ಟು.

ಬಾಗಿಲಿನ ಮಾತಾಯಿತು. ಇನ್ನು ಬಾಗಿಲೊಳಗಿನ ಕೋಣೆಯ ಅಳತೆಗೆ ಬರೋಣ.

ಇಂಗ್ಲಿಷೊಂದನ್ನೇ ಬಲ್ಲವನಿಗೆ ಬರ್ಲಿನ್ನಿನಲ್ಲಿ ದೊರೆಯುವ ಉದ್ಯೋಗಗಳು ಎರಡು ತುದಿಗಳಲ್ಲಿ ಗುಂಪುಗೂಡಿವೆ. ಮೇಲಿನ ತುದಿಯಲ್ಲಿ ಸಾಫ್ಟ್‌ವೇರು, ದತ್ತಾಂಶ ವಿಶ್ಲೇಷಣೆ, ಹೊರದೇಶಗಳ ಗಿರಾಕಿಗಳಿಗೆ ಸಂಬಂಧಿಸಿದ ವ್ಯವಹಾರ, ಕೆಲವು ಸಂಶೋಧನಾಲಯಗಳ ಕೆಲಸ. ಕೆಳಗಿನ ತುದಿಯಲ್ಲಿ ಊಟ ತಲುಪಿಸುವ ಸೈಕಲ್ಲು, ಗೋದಾಮು, ಹೋಟೆಲಿನ ಅಡುಗೆಮನೆ. ನಡುವಣ ವಿಸ್ತಾರವಾದ ಮೈದಾನವೆಲ್ಲ ಜರ್ಮನ್ನಿನದು. ಆಸ್ಪತ್ರೆ, ಶಾಲೆ, ನ್ಯಾಯಾಲಯ, ಸರಕಾರಿ ಕಚೇರಿ, ವಿಮೆ, ಲೆಕ್ಕಪತ್ರ, ಕಟ್ಟಡ ನಿರ್ಮಾಣ, ಮತ್ತು ಜರ್ಮನಿಯ ಬೆನ್ನೆಲುಬೆನಿಸಿದ ಮಧ್ಯಮ ಗಾತ್ರದ ಸಾವಿರಾರು ಕುಟುಂಬೋದ್ಯಮಗಳು, ಇವುಗಳಲ್ಲಿ ಎಲ್ಲಿಯೂ ಬರಿಯ ಇಂಗ್ಲಿಷಿಗೆ ಪ್ರವೇಶವಿಲ್ಲವೆಂದರೂ ತಪ್ಪಾಗದು. ಎ, ಬಿ, ಸಿ ಎಂದು ಏರುವ ಭಾಷಾ ಮಟ್ಟಗಳಲ್ಲಿ, ದಾದಿಯಾಗಿ ಹೋಗುವವಳಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ವೈದ್ಯನಿಗೆ ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆಯೊಂದಿದೆ. ಇದು ನ್ಯಾಯವಾದದ್ದೇ, ನೋವು ಎಲ್ಲಿದೆಯೆಂದು ರೋಗಿ ತನ್ನ ಭಾಷೆಯಲ್ಲಿ ಹೇಳುತ್ತಾನೆ, ಕೇಳುವವರಿಗೆ ಅದು ತಿಳಿಯಬೇಕು.

ಇಂಗ್ಲಿಷಿನ ಕೋಣೆಯೂ ಎಲ್ಲರಿಗೂ ಪ್ರಿಯವಲ್ಲ. ಮುಂದೆ ಆರೋಗ್ಯಮಂತ್ರಿಯಾದ ಯೆನ್ಸ್ ಸ್ಪಾನ್ ಅವರು 2017ರಲ್ಲಿ, ಬರ್ಲಿನ್ನಿನ ಕೆಲವು ಹೋಟೆಲುಗಳಲ್ಲಿ ಬಡಿಸುವವರು ಇಂಗ್ಲಿಷನ್ನು ಮಾತ್ರ ಆಡುತ್ತಾರೆಂದು ಬಹಿರಂಗವಾಗಿ ಆಕ್ಷೇಪಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆಕ್ಷೇಪದ ಹಿಂದಿನ ರಾಜಕಾರಣವನ್ನು ಬದಿಗಿಟ್ಟರೂ, ತನ್ನ ಊರಿನಲ್ಲಿ ಕಾಫಿ ಕೇಳುವುದಕ್ಕೆ ಪರಭಾಷೆಯನ್ನು ಬಳಸಬೇಕಾಗಿ ಬಂದವನ ಮುಜುಗರವನ್ನು ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನ್ ಸರಕಾರವು ಎರಡು ಭಾಷೆಗಳಿಗೂ ಯಾವ ಬೆಲೆ ಕಟ್ಟಿದೆಯೆಂಬುದನ್ನು ಅದರ ನಿಯಮಗಳಲ್ಲಿಯೇ ಓದಬಹುದು. ಬ್ಲೂ ಕಾರ್ಡಿಗೆ ಪದವಿಯೂ ಗೊತ್ತಾದ ಸಂಬಳವೂ ಇದ್ದರೆ ಸಾಕು. 2025ರಲ್ಲಿ ಆ ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 48,300 ಯೂರೋ ಇತ್ತು. ಕೊರತೆಯಿರುವ ವೃತ್ತಿಗಳಿಗೂ ಹೊಸದಾಗಿ ಪದವಿ ಪಡೆದವರಿಗೂ ಸ್ವಲ್ಪ ಕಡಮೆ. ಭಾಷಾ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಆದರೆ ಅದೇ ಕಾರ್ಡಿನವನು ಖಾಯಂ ವಾಸದ ಪರವಾನಗಿ ಬೇಡಿದಾಗ, ಎ1 ಮಟ್ಟದ ಜರ್ಮನ್ ಬಲ್ಲವನಿಗೆ 27 ತಿಂಗಳೂ ಬಿ1 ಬಲ್ಲವನಿಗೆ 21 ತಿಂಗಳೂ ಸಾಕೆಂದು ಕಾನೂನು ಹೇಳುತ್ತದೆ. 2024ರ ಜೂನ್ 1ರಂದು ಜಾರಿಗೆ ಬಂದ, ಅಲ್ಲಿಗೆ ಹೋಗಿ ಕೆಲಸ ಹುಡುಕಲು ಒಂದು ವರ್ಷದ ಅನುಮತಿ ಕೊಡುವ ಆಪರ್ಚುನಿಟಿ ಕಾರ್ಡನ್ನು ನೋಡಿ. ನಮ್ಮ ಕನ್ಸಲ್ಟೆನ್ಸಿಯವರು ಇದನ್ನು ಇಂಗ್ಲಿಷ್ ಬಲ್ಲವರಿಗೆಂದೇ ಮಾಡಿದ ಯೋಜನೆಯೆಂಬಂತೆ ಪ್ರಚಾರ ಮಾಡುತ್ತಾರೆ. ಅರ್ಜಿ ಹಾಕಲು ಬಿ2 ಮಟ್ಟದ ಇಂಗ್ಲಿಷ್ ಸಾಕೆಂಬುದು ನಿಜ. ಆದರೆ ಗಳಿಸಬೇಕಾದ 6 ಅಂಕಗಳ ಲೆಕ್ಕದಲ್ಲಿ ಬಿ2 ಮಟ್ಟದ ಜರ್ಮನ್ನಿಗೆ 3 ಅಂಕ; ಅದಕ್ಕಿಂತ ಮೇಲಣ ಸಿ1 ಮಟ್ಟದ ಇಂಗ್ಲಿಷಿಗೆ ಒಂದೇ ಅಂಕ. ಈ ಪಟ್ಟಿಯನ್ನು ಏಜೆಂಟರ ಬಾಯಿಂದ ಕೇಳುವುದಕ್ಕಿಂತ ಸ್ವತಃ ಓದುವುದು ಒಳಿತು.

ಅರ್ಜಿಯ ಕಾಗದಪತ್ರಗಳ ವಿಚಾರವನ್ನೂ ಇಲ್ಲಿಯೇ ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ವಿಶ್ವವಿದ್ಯಾನಿಲಯದ ಪದವಿಗೆ ಅಲ್ಲಿ ಮಾನ್ಯತೆಯುಂಟೇ ಎಂಬುದನ್ನು ಅನಾಬಿನ್ ಎಂಬ ಸರಕಾರಿ ದತ್ತಾಂಶ ಪಟ್ಟಿಯಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು. ಸಾಲ ಮಾಡುವ ಮುನ್ನ ನೋಡಬೇಕು. ಮತ್ತೊಂದು, ಕೆಲಸ ಬಿಡುವಾಗ ನಮ್ಮಲ್ಲಿ ಕಂಪನಿಗಳು ನಾಲ್ಕು ಸಾಲಿನ ರಿಲೀವಿಂಗ್ ಲೆಟರ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಜರ್ಮನಿಯಲ್ಲಾದರೋ ಮಾಡಿದ ಕೆಲಸವನ್ನೂ ನಡತೆಯನ್ನೂ ವಿವರಿಸುವ ಪ್ರಮಾಣಪತ್ರವನ್ನು ಪಡೆಯುವುದು ನೌಕರನ ಶಾಸನಬದ್ಧ ಹಕ್ಕು. ಅದರಲ್ಲಿ ಯಾರನ್ನೂ ನೇರವಾಗಿ ಹಳಿಯುವ ಹಾಗಿಲ್ಲ. ಹಾಗಾಗಿ ಹೊಗಳಿಕೆಯಲ್ಲಿಯೇ ತರತಮ ಬೆಳೆದಿದೆ. ನಮ್ಮ ಕಣ್ಣಿಗೆ ಮೆಚ್ಚುಗೆಯಾಗಿ ಕಾಣುವ ವಾಕ್ಯ ಅಲ್ಲಿಯ ಮ್ಯಾನೇಜರನಿಗೆ ಸಾಧಾರಣ ದರ್ಜೆಯಾಗಿ ಕಾಣುತ್ತದೆ. ಈ ಪ್ರಮಾಣಪತ್ರವನ್ನು ಬಲ್ಲವರಿಗೆ ತೋರಿಸದೆ ಯಾರೂ ಕಡತಕ್ಕೆ ಸೇರಿಸಬಾರದು.

ಈಗ ಕೆಲಸದ ಹೊರಗೆ ಬಾಳುವ ಬಗೆಯೆಂಬ ಮೂರನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದುದು. ಇದನ್ನು ಹೊರಡುವ ಮುಂಚೆ ಯಾರೂ ಹೇಳುವುದಿಲ್ಲವಾದುದರಿಂದ ಇದಕ್ಕೆ ಹೆಚ್ಚು ಕಾಲ ತೆಗೆದುಕೊಂಡರೆ ಸಭೆ ಸಹಿಸಬೇಕು.

ಕಚೇರಿಯ ಮೇಜಿನ ಮೇಲೆ ಎಲ್ಲವೂ ಇಂಗ್ಲಿಷ್. ಸಂಜೆ ಮನೆಗೆ ಬಂದವನ ಎದುರಿಗೆ ನಿಲ್ಲುವುದು ಕಾಗದ. ಬರ್ಲಿನ್ನಿನ ಮನೆಗಳಿಗೆ ನಮ್ಮ ಅಪಾರ್ಟ್‌ಮೆಂಟುಗಳಂತೆ ಫ್ಲಾಟಿನ ನಂಬರು ಇರುವುದು ವಿರಳ. ಬೀದಿಬಾಗಿಲಿನ ಕರೆಗಂಟೆಯ ಪಕ್ಕದಲ್ಲಿಯೂ ಒಳಗಣ ಅಂಚೆಪೆಟ್ಟಿಗೆಗಳ ಸಾಲಿನಲ್ಲಿಯೂ ನಿವಾಸಿಗಳ ಮನೆತನದ ಹೆಸರನ್ನು ಬರೆದಿರುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ತಲುಪುವುದಿಲ್ಲ, ಹಿಂದಿರುಗುತ್ತದೆ. ಬೇರೆಯವರ ಮನೆಯ ಕೋಣೆಯೊಂದರಲ್ಲಿ ಬಾಡಿಗೆಗಿರುವ ನಮ್ಮ ಹುಡುಗರು ಮೊದಲ ತಿಂಗಳು ತಮ್ಮ ಬ್ಯಾಂಕಿನ ಕಾರ್ಡು ಬರಲಿಲ್ಲವೆಂದು ಪರದಾಡುವುದು ಹೆಸರಿನ ಒಂದು ಚೀಟಿ ಅಂಟಿಸದ ಕಾರಣದಿಂದ. ಹೆಸರಿಗೆ ತಂದೆಯ ಹೆಸರಿನ ಮೊದಲಕ್ಷರವನ್ನು ಮಾತ್ರ ಸೇರಿಸಿಕೊಂಡು ಬೆಳೆದ ನಮ್ಮವರಿಗೆ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೆಂದು ಯಾವುದು ನಮೂದಾಗಿದೆಯೋ ಅದನ್ನೇ ಆ ಚೀಟಿಯಲ್ಲಿ ಬರೆಯಬೇಕೆಂಬುದು ಬೇಗ ಹೊಳೆಯುವುದಿಲ್ಲ.

ಮನೆ ಹೊಕ್ಕ ಎರಡು ವಾರದೊಳಗೆ ಬಡಾವಣೆಯ ಕಚೇರಿಯಲ್ಲಿ ವಾಸವನ್ನು ನೋಂದಾಯಿಸಬೇಕು. ಅದಕ್ಕೆ ಮನೆಯ ಮಾಲಿಕನ ಸಹಿಯುಳ್ಳ ದೃಢೀಕರಣ ಬೇಕೆಂಬುದು 2015ರಿಂದ ನಿಯಮ. ನೋಂದಣಿಯಿಲ್ಲದೆ ತೆರಿಗೆಯ ಸಂಖ್ಯೆ ಬರುವುದಿಲ್ಲ; ಆ ಸಂಖ್ಯೆಯನ್ನು ಕೊಡದಿದ್ದರೆ ಸಂಬಳದಲ್ಲಿ ಅತ್ಯಂತ ಹೆಚ್ಚಿನ ದರದ ತೆರಿಗೆ ಹಿಡಿಯುತ್ತಾರೆ. ಆಡಳಿತದ ಭಾಷೆ ಜರ್ಮನ್ ಎಂದು ಅಲ್ಲಿಯ ಆಡಳಿತ ಪ್ರಕ್ರಿಯಾ ಕಾನೂನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಕೌಂಟರಿನಲ್ಲಿರುವವನಿಗೆ ಇಂಗ್ಲಿಷ್ ಬರುತ್ತಿರಬಹುದು, ಅವನು ಕರುಣಾಳುವಾದರೆ ಆಡಿಯೂ ಆಡಬಹುದು; ಆದರೆ ನಮೂನೆಯ ಮೇಲೆ ಸಹಿ ಮಾಡುವವನು ತಾನು ಓದಲಾರದ ಭಾಷೆಯಲ್ಲಿ ಸಹಿ ಮಾಡುತ್ತಾನೆ. ಕೆಲವು ಸರಕಾರಿ ಆದೇಶಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಅಂಚೆಯವನು ಅದನ್ನು ಪೆಟ್ಟಿಗೆಗೆ ಹಾಕುವಾಗ ಅದರ ಮೇಲೆ ತಾರೀಖನ್ನು ಬರೆದು ಹೋಗುತ್ತಾನೆ. ಉತ್ತರ ಕೊಡುವ ಗಡುವು ಆ ತಾರೀಖಿನಿಂದಲೇ ನಡೆಯುತ್ತದೆ.

ಉದ್ಯೋಗ ಹೋದಾಗ ಈ ಕಾಗದದ ಲೋಕ ತನ್ನ ನಿಜವಾದ ಮುಖವನ್ನು ತೋರಿಸುತ್ತದೆ. ಹಾಸನದ ಕಡೆಯ ತರುಣನೊಬ್ಬನನ್ನು ನಾನು ಬಲ್ಲೆ. ಕೆಲಸದಲ್ಲಿ ಜಾಣ, ಕಂಪನಿಯಲ್ಲಿ ಎಲ್ಲರಿಗೂ ಬೇಕಾದವನು, ಜರ್ಮನ್ ಕಲಿಯಲು ಬಿಡುವಿಲ್ಲವೆಂದು ನಾಲ್ಕಾರು ವರ್ಷ ತಳ್ಳಿಕೊಂಡು ಬಂದವನು. ಕಂಪನಿ ಜನರನ್ನು ಕಡಮೆ ಮಾಡಲು ತೊಡಗಿದಾಗ ಅವನ ಅಂಚೆಪೆಟ್ಟಿಗೆಗೆ ಒಂದು ಪತ್ರ ಬಿತ್ತು. ಜರ್ಮನಿಯಲ್ಲಿ ನೌಕರನನ್ನು ಬಾಯಿಮಾತಿನಿಂದಾಗಲಿ ಇಮೇಲಿನಿಂದಾಗಲಿ ವಜಾ ಮಾಡುವಂತಿಲ್ಲ. ಶಾಯಿಯಲ್ಲಿ ಸಹಿ ಮಾಡಿದ ಕಾಗದವೇ ಬೇಕು. ಆ ಕಾಗದ ಜರ್ಮನ್ನಿನಲ್ಲಿತ್ತು. ವಾರಾಂತ್ಯದಲ್ಲಿ ಗೆಳೆಯರಿಂದ ಓದಿಸಿದರಾಯಿತೆಂದು ಅವನು ಇತರ ಕಾಗದಗಳೊಡನೆ ಅದನ್ನೂ ಅಡುಗೆಮನೆಯ ಕಿಟಕಿಯ ಮೇಲಿಟ್ಟ. ವಜಾ ಅನ್ಯಾಯವೆಂದು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಆ ದೇಶದಲ್ಲಿ ಇರುವುದು ಮೂರೇ ವಾರ. ಅದೂ ಪತ್ರವನ್ನು ಓದಿದ ದಿನದಿಂದಲ್ಲ, ಪೆಟ್ಟಿಗೆಗೆ ತಲುಪಿದ ದಿನದಿಂದ. ವಜಾ ಆಗುತ್ತದೆಂದು ತಿಳಿದ ಮೂರು ದಿನದೊಳಗೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಬೇಕೆಂಬ ನಿಯಮ ಬೇರೆ. ಗೆಳೆಯರು ಓದಿ ಹೇಳುವ ಹೊತ್ತಿಗೆ ಮೂರು ದಿನವೂ ಮೂರು ವಾರವೂ ಕಳೆದಿದ್ದುವು. ಕೊನೆಯ ಮೂವತ್ತು ತಿಂಗಳಲ್ಲಿ ಹನ್ನೆರಡು ತಿಂಗಳು ವಂತಿಗೆ ಕಟ್ಟಿದವನಿಗೆ ನಿವ್ವಳ ಸಂಬಳದ ನೂರಕ್ಕೆ 60 ಭಾಗದಷ್ಟು, ಮಕ್ಕಳಿದ್ದರೆ 67 ಭಾಗದಷ್ಟು ನಿರುದ್ಯೋಗ ಭತ್ಯೆ ದೊರೆಯುತ್ತದೆ; ಅದು ಅವನಿಗೂ ಬಂತು, ತಡಮಾಡಿದ್ದಕ್ಕೆ ಕಡಿತವಾಗಿ ಬಂತು. ಹೊಸ ಕೆಲಸ ಹುಡುಕಲು ಹೊರಟಾಗ ಇಂಗ್ಲಿಷಿನ ಕೋಣೆ ಎಷ್ಟು ಕಿರಿದೆಂಬುದು ಅವನಿಗೆ ಗೊತ್ತಾಯಿತು: ಅದೇ ಇಪ್ಪತ್ತು ಮೂವತ್ತು ಕಂಪನಿಗಳು, ಅಲ್ಲಿಂದಲೇ ಹೊರಬಿದ್ದ ನೂರಾರು ಜನ, ಎಲ್ಲರ ಕೈಯಲ್ಲಿಯೂ ಅದೇ ಇಂಗ್ಲಿಷ್.

ಹಾಗಾದರೆ ಭಾಷೆಯನ್ನು ಕಲಿಯುವುದು ಯಾವಾಗ, ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಜರ್ಮನ್ ಸರಕಾರವು 2005ರಿಂದ ವಲಸೆ ಬಂದವರಿಗಾಗಿ ನಡೆಸುವ ತರಗತಿಗಳಲ್ಲಿ ಬಿ1 ಮಟ್ಟವನ್ನು ಮುಟ್ಟಲು ಸಾಮಾನ್ಯವಾಗಿ 600 ಗಂಟೆಗಳ ಪಾಠವನ್ನು ಗೊತ್ತುಪಡಿಸಿದೆ. ಬರ್ಲಿನ್ನಿನ ಹನ್ನೆರಡು ಬಡಾವಣೆಗಳಲ್ಲಿಯೂ ಫೋಕ್ಸ್‌ಹೋಖ್‌ಶೂಲೆ ಎಂಬ ಸಾರ್ವಜನಿಕ ಸಂಜೆಶಾಲೆಗಳಿವೆ. ಶುಲ್ಕ ಸುಲಭ, ಆದರೆ ಸ್ಥಳ ಸಿಗುವುದು ಸುಲಭವಲ್ಲ. ದಿನವಿಡೀ ದುಡಿದು ಬಂದವನು 600 ಗಂಟೆಯನ್ನು ಎಲ್ಲಿಂದ ತರಬೇಕು? ತಾರದೆಯೇ ವರ್ಷಗಳು ಉರುಳುತ್ತವೆ. ಇದು ಸೋಮಾರಿತನವಲ್ಲ, ಗಣಿತ. ಇಲ್ಲಿರುವಾಗ, ವಿದ್ಯಾರ್ಥಿಯಾಗಿರುವಾಗ, ಸಂಜೆಗಳು ಕೈಯಲ್ಲಿರುವಾಗ ಕಲಿತದ್ದೇ ಕಲಿತದ್ದು.

ಜರ್ಮನ್ನರಿಗೂ ಕನ್ನಡಕ್ಕೂ ಇರುವ ಸಂಬಂಧದ ಮಾತು ಬಂದಾಗ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರೆತ್ತುವುದು ಸಂಪ್ರದಾಯ. 1853ರಲ್ಲಿ ಈ ನಾಡಿಗೆ ಬಂದು, ಕನ್ನಡವನ್ನು ಕಲಿತು, 1894ರಲ್ಲಿ ನಿಘಂಟನ್ನು ಹೊರತಂದ ಆ ಮಹನೀಯರಿಗೆ ನಾನೂ ನಮಿಸುತ್ತೇನೆ. ಆದರೆ ಅವರ ಉದಾಹರಣೆ ನಮ್ಮ ಇಂದಿನ ತರುಣನಿಗೆ ಹೊಂದುವುದಿಲ್ಲ. ಅವರಿಗೆ ಭಾಷೆಯೇ ಉದ್ಯೋಗ. ಇವನಿಗೆ ಉದ್ಯೋಗ ಬೇರೆ, ಭಾಷೆ ಬೇರೆ. ಅವರ ತಪಸ್ಸನ್ನು ಇವನ ಮುಂದೆ ಹಿಡಿದು ನಾಚಿಸುವುದು ಸಲ್ಲದು.

ನಾಚಿಸಬೇಕಾದರೆ ಅದಕ್ಕೆ ಹತ್ತಿರದ ಕಾರಣವೊಂದಿದೆ. ಹೊರಗಿನಿಂದ ಬಂದವರು ಹತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಕನ್ನಡದ ಹತ್ತು ಮಾತು ಕಲಿಯಲಿಲ್ಲವೆಂದು ನಾವು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕೋಪಿಸಿಕೊಳ್ಳುತ್ತೇವೆ. ಆ ಕೋಪ ನ್ಯಾಯವಾದದ್ದು. ಅದೇ ಕೋಪವುಳ್ಳ ಕನ್ನಡಿಗ ಬರ್ಲಿನ್ನಿಗೆ ಹೋಗಿ, ಅಲ್ಲಿ ಇಂಗ್ಲಿಷ್ ಸಾಕು, ಎಲ್ಲರಿಗೂ ಬರುತ್ತದೆ ಎಂದು ಊರಿಗೆ ಫೋನು ಮಾಡುತ್ತಾನೆ. ಹೊರಗಿನಿಂದ ಬಂದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಎಂಜಿನಿಯರು ಹೇಳುವುದೂ ಅದೇ ಮಾತು. ವ್ಯತ್ಯಾಸವೊಂದೇ: ಬೆಂಗಳೂರು ಅವನನ್ನು ಹೇಗೋ ಸಾಕಿಕೊಂಡು ಹೋಗುತ್ತದೆ, ಬರ್ಲಿನ್ ಕಾಗದ ಕಳುಹಿಸುತ್ತದೆ.

ಕಡೆಯದಾಗಿ, ಈ ಸಂಸ್ಥೆಯ ಆಡಳಿತ ವರ್ಗದವರಲ್ಲಿ ನನ್ನದೊಂದು ಬಿನ್ನಹ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವಿದೆ; ಅಲ್ಲಿ ಪಾಠವೂ ಪರೀಕ್ಷೆಯೂ ಉತ್ತಮವಾಗಿವೆ. ಆದರೆ ಹಾಸನ, ಶಿವಮೊಗ್ಗ, ಕಲಬುರಗಿಗಳ ವಿದ್ಯಾರ್ಥಿಗೆ ಅದು ದೂರ, ಶುಲ್ಕವೂ ಭಾರ. ನಿಮ್ಮ ಕಾಲೇಜಿನಲ್ಲಿ ಪದವಿಯ ಎರಡನೆಯ ವರ್ಷದಿಂದಲೇ ಸಂಜೆಯ ಜರ್ಮನ್ ತರಗತಿಯೊಂದನ್ನು ತೆರೆದು, ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು ಈ ದತ್ತಿಯ ಬಡ್ಡಿಯಿಂದ ಭರಿಸಲು ಸಾಧ್ಯವೇ ಎಂಬುದನ್ನು ದಯವಿಟ್ಟು ಪರಿಶೀಲಿಸಬೇಕು. ಇಂದಿನ ಉಪನ್ಯಾಸಕ್ಕಾಗಿ ನನಗೆ ಕೊಡಮಾಡಿರುವ ಸಂಭಾವನೆಯನ್ನು ಅದರ ಮೊದಲ ಕಂತಾಗಿ ಸ್ವೀಕರಿಸಬೇಕೆಂದು ಅಧ್ಯಕ್ಷರಲ್ಲಿ ಪ್ರಾರ್ಥಿಸುತ್ತೇನೆ.